ಕೆನ್ನೆಗೆ ಹೊಡೆಯುವ ಕರೆಂಟು: ಮುಖದ ನರನೋವು ಮತ್ತು ಶಸ್ತ್ರಚಿಕಿತ್ಸೆಯ ಕುರಿತು ಓದುಗರ ಪ್ರಶ್ನೆಗಳು

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮುಖದ ನರನೋವಿನ ಬಗ್ಗೆ ಬರೆದವರೇ ಹೆಚ್ಚು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ವೈದ್ಯರು ಕರೆಯುವ ಈ ಕಾಯಿಲೆ ಅಪರೂಪದ್ದೇ ಆದರೂ, ಅದನ್ನು ಅನುಭವಿಸುವವರ ಮನೆಯಲ್ಲಿ ಊಟ, ಮಾತು, ನಿದ್ದೆ ಎಲ್ಲವೂ ಅದರ ಸುತ್ತಲೇ ತಿರುಗತೊಡಗುತ್ತದೆ. ಕಿವಿಯ ಹಿಂದೆ ತಲೆಬುರುಡೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಗೆ ಒಪ್ಪಬೇಕೇ ಬೇಡವೇ ಎಂಬುದೇ ಬಹುತೇಕ ಪತ್ರಗಳ ಪ್ರಶ್ನೆಯಾಗಿದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಬಡಾವಣೆಯನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಮೂರು ವರ್ಷಗಳಿಂದ ಬಲಗೆನ್ನೆ ಮತ್ತು ಬಲಭಾಗದ ಮೇಲ್ದವಡೆಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು ಬರುತ್ತದೆ. ಹಲ್ಲುನೋವೆಂದು ತಿಳಿದು ಎರಡು ದವಡೆಹಲ್ಲುಗಳನ್ನು ಕೀಳಿಸಿ, ಮತ್ತೊಂದಕ್ಕೆ ರೂಟ್ ಕೆನಾಲ್ ಮಾಡಿಸಿದೆವು. ನೋವು ಮಾತ್ರ ಹೋಗಲಿಲ್ಲ. ಆಮೇಲೆ ನರರೋಗ ತಜ್ಞರು ಕಾರ್ಬಮಜೆಪಿನ್ ಮಾತ್ರೆ ಕೊಟ್ಟಾಗ ಒಂದೇ ವಾರದಲ್ಲಿ ನೋವು ನಿಂತಿತು. ಈಗ ದಿನಕ್ಕೆ 1000 ಮಿಲಿಗ್ರಾಂ ತೆಗೆದುಕೊಂಡರೂ ನೋವು ಮರಳಿ ಬರುತ್ತಿದೆ. ತಲೆ ಸುತ್ತಿ ಎರಡು ಸಲ ಬಿದ್ದಿದ್ದಾರೆ. ರಕ್ತದಲ್ಲಿ ಸೋಡಿಯಂ 127ಕ್ಕೆ ಇಳಿದಿದೆ. ರಕ್ತನಾಳವೊಂದು ನರವನ್ನು ಒತ್ತುತ್ತಿದೆ ಎಂದು ಎಂ.ಆರ್.ಐ. ವರದಿಯಲ್ಲಿದೆ; ಶಸ್ತ್ರಚಿಕಿತ್ಸೆಯಾಗಬೇಕೆಂದು ಹೇಳಿದ್ದಾರೆ. ಅಮ್ಮನಿಗೆ ತಲೆ ಬೋಳಿಸುತ್ತಾರೆಂಬ ಭಯ, ನಮಗೆಲ್ಲ ಪ್ರಾಣದ ಭಯ. ಏನು ಮಾಡಬೇಕು?
– ಮಗಳು, ಹನುಮಂತನಗರ

ಉತ್ತರ: ನಿಮ್ಮ ಪತ್ರದಲ್ಲಿ ಎಂ.ಆರ್.ಐ. ವರದಿಗಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ‘ಕರೆಂಟ್ ಹೊಡೆದ ಹಾಗೆ’ ಎಂಬ ನಿಮ್ಮ ಮಾತು. ಈ ಕಾಯಿಲೆಯನ್ನು ಪತ್ತೆ ಮಾಡುವುದು ಯಂತ್ರವಲ್ಲ, ರೋಗಿಯ ಬಾಯಿಂದ ಬರುವ ನೋವಿನ ವರ್ಣನೆ. ಮುಖದ ಒಂದೇ ಪಕ್ಕದಲ್ಲಿ, ಒಮ್ಮೆಗೇ ಎರಗಿ, ಕೆಲವೇ ಸೆಕೆಂಡುಗಳಿಂದ ಹೆಚ್ಚೆಂದರೆ ಎರಡು ನಿಮಿಷದೊಳಗೆ ನಿಂತುಹೋಗುವ, ನಡುನಡುವೆ ಏನೂ ಇಲ್ಲವೆಂಬಂತೆ ಮುಖ ಶಾಂತವಾಗಿರುವ ನೋವು ಇದು. ಹಲ್ಲುಜ್ಜುವುದು, ಮುಖ ತೊಳೆಯುವುದು, ಅಗಿಯುವುದು, ಮಾತನಾಡುವುದು, ಕೆನ್ನೆಗೆ ಅರಿಸಿನ ಸವರುವುದು, ಜನವರಿಯ ಬೆಳಗ್ಗೆ ಸ್ಕೂಟರಿನ ಮೇಲೆ ಮುಖಕ್ಕೆ ಬಡಿಯುವ ಚಳಿಗಾಳಿ, ಇಂಥ ನಿರುಪದ್ರವಿ ಸ್ಪರ್ಶವೇ ಅದನ್ನು ಕೆರಳಿಸುತ್ತದೆ. ಗಟ್ಟಿಯಾಗಿ ಒತ್ತಿದರೆ ನೋಯದ ಜಾಗ ನವಿರಾಗಿ ಮುಟ್ಟಿದರೆ ಸಿಡಿಯುತ್ತದೆಂದು ಎಷ್ಟೋ ರೋಗಿಗಳು ಹೇಳುವುದನ್ನು ಕೇಳಿದ್ದೇನೆ. ನಿಮ್ಮ ತಾಯಿಯವರು ಈಚೆಗೆ ಮಾತು ಕಡಿಮೆ ಮಾಡಿದ್ದರೆ, ಊಟಕ್ಕೆ ಕರೆದಾಗ ಹಿಂಜರಿದರೆ, ಅದನ್ನು ಮುನಿಸೆಂದು ದಯವಿಟ್ಟು ತಿಳಿಯಬೇಡಿ.

ಹಲ್ಲು ಕೀಳಿಸಿದ ಬಗ್ಗೆ ನೀವು ಪಶ್ಚಾತ್ತಾಪದಿಂದ ಬರೆದಿದ್ದೀರಿ. ಮುಖದ ಸ್ಪರ್ಶವನ್ನೆಲ್ಲ ಮೆದುಳಿಗೆ ಒಯ್ಯುವುದು ಐದನೆಯ ಕಪಾಲನರ. ಅದು ಮೂರು ಕವಲಾಗಿ ಒಡೆದು, ಒಂದು ಹಣೆ ಮತ್ತು ಕಣ್ಣಿಗೆ, ಇನ್ನೊಂದು ಕೆನ್ನೆ ಮತ್ತು ಮೇಲ್ದವಡೆಗೆ, ಮೂರನೆಯದು ಕೆಳದವಡೆಗೆ ಹೋಗುತ್ತದೆ. ಮೇಲಿನ ಕೆಳಗಿನ ಹಲ್ಲುಗಳ ನರಗಳೆಲ್ಲ ಎರಡನೆಯ ಮತ್ತು ಮೂರನೆಯ ಕವಲಿನವು. ಹೀಗಾಗಿ ನರದ ಬುಡದಲ್ಲಿ ಕಿಡಿ ಹಾರಿದರೂ ಅದು ಹಲ್ಲಿನಲ್ಲೇ ಹಾರಿತೆಂದು ಮೆದುಳು ಓದಿಕೊಳ್ಳುತ್ತದೆ. ವರ್ಷಗಳ ಹಿಂದೆ ಕೋಲಾರದ ಕಡೆಯ ರೈತರೊಬ್ಬರು ನನ್ನ ಬಳಿ ಬಂದಾಗ ಅವರ ಎಡಭಾಗದ ಮೇಲ್ದವಡೆಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಒಂದೊಂದಾಗಿ ಕೀಳಿಸಿಕೊಂಡು, ಕೊನೆಗೆ ಅಗಿಯದೆ ನುಂಗಬಹುದಾದ ಮುದ್ದೆಯೊಂದನ್ನೇ ನಂಬಿ ಬದುಕುತ್ತಿದ್ದರು. ಆ ಮುಖ ನನಗೆ ಇನ್ನೂ ಮರೆತಿಲ್ಲ. ಬಿಸಿ ಅಥವಾ ತಣ್ಣನೆಯದು ತಾಕಿದಾಗ ಏಳುವ, ಗಂಟೆಗಟ್ಟಲೆ ಮಿಡಿಯುವ, ರಾತ್ರಿ ನಿದ್ದೆ ಕೆಡಿಸುವ ನೋವು ಹೆಚ್ಚಾಗಿ ಹಲ್ಲಿನದು. ಕ್ಷಣಮಾತ್ರ ಸಿಡಿದು ಮಾಯವಾಗಿ, ನಿದ್ದೆಯಲ್ಲಿ ಸಾಮಾನ್ಯವಾಗಿ ಸುಮ್ಮನಿರುವ ನೋವು ನರದ್ದು. ಹಲ್ಲು ಕೀಳುವ ಮುನ್ನ ಇಷ್ಟನ್ನು ಕೇಳಿ ತಿಳಿದುಕೊಂಡರೆ ಅನೇಕ ಒಳ್ಳೆಯ ಹಲ್ಲುಗಳು ಉಳಿಯುತ್ತವೆ.

ಇನ್ನು ರಕ್ತನಾಳದ ವಿಷಯ. ಐದನೆಯ ನರ ಮೆದುಳುಕಾಂಡದಿಂದ ಹೊರಡುವಾಗ ಮೊದಲ ಕೆಲವು ಮಿಲಿಮೀಟರುಗಳಷ್ಟು ದೂರ ಅದಕ್ಕೆ ಮೆದುಳಿನ ಒಳಗಿರುವಂಥದೇ ನಾಜೂಕು ಮೈಲಿನ್ ಹೊದಿಕೆ ಇರುತ್ತದೆ. ಅಲ್ಲಿಂದ ಮುಂದೆ ಗಟ್ಟಿಯಾದ ಬೇರೆ ಬಗೆಯ ಹೊದಿಕೆ ಶುರುವಾಗುತ್ತದೆ. ವಯಸ್ಸಾದಂತೆ ಅಪಧಮನಿಗಳು ಉದ್ದವಾಗಿ, ಬಳುಕಿ, ಕುಣಿಕೆಯಂತೆ ಜೋತುಬೀಳುತ್ತವೆ. ಕಿರುಮೆದುಳಿನ ಮೇಲ್ಭಾಗಕ್ಕೆ ರಕ್ತ ಒಯ್ಯುವ ಅಪಧಮನಿ ಹೀಗೆ ಇಳಿದು ನರದ ಆ ನಾಜೂಕು ಭಾಗದ ಮೇಲೆ ಕುಳಿತರೆ, ಹೃದಯದ ಪ್ರತಿ ಬಡಿತಕ್ಕೂ, ಅಂದರೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ, ಅದನ್ನು ಕುಟ್ಟುತ್ತದೆ. ವರ್ಷಗಳಲ್ಲಿ ಹೊದಿಕೆ ಸವೆದು ಒಳಗಿನ ಎಳೆಗಳು ಒಂದಕ್ಕೊಂದು ತಾಗುವಂತಾಗುತ್ತವೆ. ಪ್ಲಾಸ್ಟಿಕ್ ಸುಲಿದ ವೈರುಗಳಲ್ಲಿ ಆಗುವಂತೆ, ಬರಿಯ ಸ್ಪರ್ಶವನ್ನು ಒಯ್ಯಬೇಕಾದ ಎಳೆಯ ಸಂಕೇತ ನೋವಿನ ಎಳೆಗೆ ಹಾರುತ್ತದೆ. ಹೆಚ್ಚಿನವರಲ್ಲಿ ಕಾರಣ ಈ ಅಪಧಮನಿಯೇ. ಕೆಲವರಲ್ಲಿ ಬೇರೆ ಅಪಧಮನಿ ಅಥವಾ ಅಭಿಧಮನಿ ಇರುತ್ತದೆ, ಇನ್ನೂ ಕೆಲವರಲ್ಲಿ ಗಡ್ಡೆಯೋ, ಮೈಲಿನ್ ಹೊದಿಕೆಯೇ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯೋ ಇರುತ್ತದೆ. ಎಂ.ಆರ್.ಐ. ಮಾಡಿಸುವುದು ಮುಖ್ಯವಾಗಿ ಈ ಕೊನೆಯ ಎರಡನ್ನು ತಳ್ಳಿಹಾಕುವುದಕ್ಕೆ ಮತ್ತು ಶಸ್ತ್ರವೈದ್ಯರಿಗೆ ಒಳಗಿನ ನಕ್ಷೆ ಸಿಗುವುದಕ್ಕೆ.

ನರಕ್ಕೆ ರಕ್ತನಾಳ ತಗುಲಿಕೊಂಡಿರುವುದನ್ನು ಅಮೆರಿಕದ ನರಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1930ರ ದಶಕದಲ್ಲೇ ಗಮನಿಸಿದ್ದರು. ಆದರೆ ಶಸ್ತ್ರಚಿಕಿತ್ಸಾ ಸೂಕ್ಷ್ಮದರ್ಶಕದ ನೆರವಿನಿಂದ ಆ ನಾಳವನ್ನು ಸರಿಸಿ, ನರವನ್ನು ಕತ್ತರಿಸದೆಯೇ ನೋವು ನಿಲ್ಲಿಸಬಹುದೆಂದು 1960ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿದವರು ಪೀಟರ್ ಜನೆಟ್ಟಾ. ಮೊದಮೊದಲು ಅವರ ಮಾತನ್ನು ನಂಬದವರೇ ಹೆಚ್ಚು. ಪಿಟ್ಸ್‌ಬರ್ಗ್‌ನಲ್ಲಿ ಅವರ ತಂಡ ಚಿಕಿತ್ಸೆ ನೀಡಿದ 1185 ರೋಗಿಗಳ ವಿವರ 1996ರಲ್ಲಿ ಪ್ರಕಟವಾದಾಗ, ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷಗಳಾದ ಮೇಲೂ ನೂರಕ್ಕೆ 70 ಮಂದಿ ಮಾತ್ರೆಯ ಹಂಗಿಲ್ಲದೆ ನೋವಿನಿಂದ ಮುಕ್ತರಾಗಿದ್ದರು ಎಂಬುದು ತಿಳಿಯಿತು. ಅವರಲ್ಲಿ ಕೆಲವರಿಗೆ ಎರಡನೆಯ ಸಲ ಶಸ್ತ್ರಚಿಕಿತ್ಸೆ ಬೇಕಾಗಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು. ಇದಕ್ಕೆ ಮೈಕ್ರೋವ್ಯಾಸ್ಕ್ಯುಲರ್ ಡಿಕಂಪ್ರೆಷನ್ ಎಂದು ಹೆಸರು. ಆಸ್ಪತ್ರೆಯ ಕಾಗದಗಳಲ್ಲಿ ಎಂ.ವಿ.ಡಿ. ಎಂದು ಬರೆದಿರುತ್ತಾರೆ.

ನಿಮ್ಮ ತಾಯಿಯವರಿಗೆ ಮಾಡುವುದನ್ನು ಹಂತಹಂತವಾಗಿ ಹೇಳುತ್ತೇನೆ, ಏಕೆಂದರೆ ಗೊತ್ತಿಲ್ಲದಿರುವುದೇ ಹೆಚ್ಚಿನ ಭಯಕ್ಕೆ ಕಾರಣ. ಪೂರ್ಣ ಅರಿವಳಿಕೆ ಕೊಟ್ಟು ಎಡಮಗ್ಗುಲಾಗಿ ಮಲಗಿಸುತ್ತಾರೆ. ಬಲಗಿವಿಯ ಹಿಂದೆ ಒಂದು ಪಟ್ಟಿಯಷ್ಟು ಕೂದಲನ್ನು ಮಾತ್ರ ತೆಗೆಯುತ್ತಾರೆ; ಉಳಿದ ಜಡೆ ಹಾಗೆಯೇ ಇರುತ್ತದೆ, ಹೂ ಮುಡಿದರೆ ಆ ಜಾಗ ಕಾಣುವುದೂ ಇಲ್ಲವೆಂದು ಅಮ್ಮನಿಗೆ ಹೇಳಿ. ಐದಾರು ಸೆಂಟಿಮೀಟರ್ ಉದ್ದಕ್ಕೆ ಚರ್ಮವನ್ನು ಸೀಳಿ, ಮೂಳೆಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಕಿಂಡಿ ಮಾಡುತ್ತಾರೆ. ಮೆದುಳಿನ ಹೊರಪೊರೆಯನ್ನು ತೆರೆದು, ಸುತ್ತಲಿನ ದ್ರವವನ್ನು ನಿಧಾನವಾಗಿ ಹರಿಯಗೊಟ್ಟಾಗ ಕಿರುಮೆದುಳು ತಾನಾಗಿಯೇ ತುಸು ಕುಗ್ಗಿ ದಾರಿ ಬಿಡುತ್ತದೆ. ಮೆದುಳನ್ನು ಎಲ್ಲಿಯೂ ಕೊಯ್ಯುವುದಿಲ್ಲ. ಮೂಳೆಗೂ ಕಿರುಮೆದುಳಿಗೂ ನಡುವೆ ಇರುವ ಸಹಜ ಸಂದಿಯಲ್ಲೇ ಸೂಕ್ಷ್ಮದರ್ಶಕದ ಬೆಳಕಿನಲ್ಲಿ ನರದ ಬುಡ ತಲುಪುತ್ತಾರೆ. ಜೇಡರಬಲೆಯಂಥ ತೆಳುಪೊರೆಯನ್ನು ಬಿಡಿಸಿ, ನರದ ಮೇಲೆ ಕುಳಿತ ಅಪಧಮನಿಯನ್ನು ಮೆಲ್ಲಗೆ ಎತ್ತಿ, ಅದು ಮರಳಿ ನರಕ್ಕೆ ತಾಗದಂತೆ ನಡುವೆ ಟೆಫ್ಲಾನ್ ಎಳೆಗಳ ಪುಟ್ಟ ಉಂಡೆಗಳನ್ನು ಇಡುತ್ತಾರೆ, ಅಥವಾ ನಾಳವನ್ನೇ ದೂರಕ್ಕೆ ಸರಿಸಿ ನಿಲ್ಲಿಸುತ್ತಾರೆ. ಅದು ಮೆದುಳಿಗೆ ರಕ್ತ ಒಯ್ಯುವ ನಾಳವಾದ್ದರಿಂದ ಅದನ್ನು ಕಟ್ಟುವಂತಿಲ್ಲ, ಸುಡುವಂತಿಲ್ಲ. ಈ ಶಸ್ತ್ರಚಿಕಿತ್ಸೆಯ ಕೌಶಲವೆಲ್ಲ ಅಡಗಿರುವುದು ಈ ಸರಿಸುವ ಕೆಲಸದಲ್ಲೇ. ಸಾಮಾನ್ಯವಾಗಿ ಎರಡು ಮೂರು ಗಂಟೆಗಳ ಕೆಲಸ. ಎಲ್ಲ ಸುಸೂತ್ರವಾದರೆ ಮೂರರಿಂದ ಐದು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ.

ಅಪಾಯಗಳನ್ನು ಮರೆಮಾಚುವುದು ತಪ್ಪು. ಶ್ರವಣನರ ಪಕ್ಕದಲ್ಲೇ ಇರುವುದರಿಂದ ಆ ಕಿವಿಯ ಕೇಳುವ ಶಕ್ತಿ ಕುಂದಬಹುದು. ನುರಿತವರ ಕೈಯಲ್ಲಿ ಇದು ನೂರಕ್ಕೆ ಒಬ್ಬರ ಆಸುಪಾಸು. ಶಸ್ತ್ರಚಿಕಿತ್ಸೆ ನಡೆಯುವಾಗಲೇ ಶ್ರವಣನರದ ಸಂಕೇತಗಳನ್ನು ಯಂತ್ರದಲ್ಲಿ ಗಮನಿಸುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ಬಳಸುತ್ತಾರೆಯೇ ಎಂದು ಕೇಳಿ. ಹೊಲಿದ ಜಾಗದಿಂದ ಮೆದುಳಿನ ದ್ರವ ಸೋರುವುದು, ಸೋಂಕು, ಮುಖದ ಒಂದು ಭಾಗ ಜೋಮು ಹಿಡಿದಂತಾಗುವುದು, ಕೆಲಕಾಲ ವಸ್ತುಗಳು ಎರಡೆರಡಾಗಿ ಕಾಣುವುದು, ಮುಖದ ಸ್ನಾಯುಗಳ ದೌರ್ಬಲ್ಯ, ಇವೂ ಸಂಭವಿಸಬಹುದು. ಕಿರುಮೆದುಳಿನಲ್ಲಿ ರಕ್ತಸ್ರಾವ, ಪಾರ್ಶ್ವವಾಯು ಮತ್ತು ಸಾವು ಅಪರೂಪವಾದರೂ ಇಲ್ಲವೆನ್ನುವಂತಿಲ್ಲ. ಮೇಲೆ ಹೇಳಿದ ಪಿಟ್ಸ್‌ಬರ್ಗ್ ಸಮೂಹದಲ್ಲಿ ಇಬ್ಬರು ತೀರಿಕೊಂಡಿದ್ದರು. ಈ ಸಂಖ್ಯೆಗಳನ್ನು ಓದುವಾಗ, ಸೋಡಿಯಂ 127ಕ್ಕೆ ಇಳಿದು ತಲೆ ಸುತ್ತಿ ಬೀಳುವ 58ರ ಹೆಂಗಸಿಗೆ ಸೊಂಟ ಮುರಿಯುವುದೂ ಸಣ್ಣ ಅಪಾಯವಲ್ಲ ಎಂಬುದನ್ನು ಪಕ್ಕದಲ್ಲಿಟ್ಟು ತೂಗಬೇಕು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ನೋವಿನ ವರ್ಣನೆ ಸರಿಹೊಂದುತ್ತದೆ. ಕಾರ್ಬಮಜೆಪಿನ್‌ಗೆ ಮೊದಲ ವಾರದಲ್ಲೇ ನೋವು ಮಣಿದದ್ದು ಆ ನಿರ್ಣಯಕ್ಕೆ ಬಲ ಕೊಡುತ್ತದೆ. ಈಗ ಮಾತ್ರೆ ಸಾಲುತ್ತಿಲ್ಲ ಮತ್ತು ದೇಹ ಅದನ್ನು ತಾಳುತ್ತಿಲ್ಲ. ಅದೇ ಗುಂಪಿನ ಆಕ್ಸ್‌ಕಾರ್ಬಜೆಪಿನ್ ಮಾತ್ರೆಗೆ ಬದಲಾಯಿಸಿದರೆ ಸೋಡಿಯಂ ಇನ್ನೂ ಇಳಿಯುವ ಸಾಧ್ಯತೆಯೇ ಹೆಚ್ಚು. ಹೃದಯ, ಶ್ವಾಸಕೋಶಗಳು ಚೆನ್ನಾಗಿದ್ದು ಅರಿವಳಿಕೆ ತಜ್ಞರು ಒಪ್ಪಿದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಸೋಡಿಯಂ ಅನ್ನು ಮೊದಲು ವೈದ್ಯರ ಉಸ್ತುವಾರಿಯಲ್ಲಿ ಸರಿಪಡಿಸಬೇಕು; ಅವಸರದಲ್ಲಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಶಸ್ತ್ರಚಿಕಿತ್ಸೆಯ ನಂತರ ನೋವು ಪೂರ್ತಿ ಹೋದರೂ ಕಾರ್ಬಮಜೆಪಿನ್ ಅನ್ನು ವಾರಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಇಳಿಸುವುದೇ ಕ್ರಮ.

ಪ್ರಶ್ನೆ: ನನಗೆ 76 ವರ್ಷ. ನಿವೃತ್ತ ಶಿಕ್ಷಕ. ಎಡಗಡೆಯ ಕೆಳದವಡೆಯಲ್ಲಿ ಇದೇ ನೋವಿದೆ. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆಗಳು ನಡೆಯುತ್ತಿವೆ. ಕಾರ್ಬಮಜೆಪಿನ್ ಹೆಚ್ಚಿಸಿದರೆ ನಡೆಯುವಾಗ ಓಲಾಡುತ್ತೇನೆ. ಈ ವಯಸ್ಸಿನಲ್ಲಿ ತಲೆಗೆ ಶಸ್ತ್ರಚಿಕಿತ್ಸೆ ಬೇಡವೆಂದು ಮಕ್ಕಳು ಹೇಳುತ್ತಾರೆ. ಬೇರೆ ದಾರಿ ಇದೆಯೇ?
– ಹಿರಿಯ ನಾಗರಿಕ, ಮಲ್ಲೇಶ್ವರ

ಉತ್ತರ: ಹಿರಿಯರಾದ ತಮಗೆ ನಮಸ್ಕಾರ. ವಯಸ್ಸೊಂದೇ ಎಂ.ವಿ.ಡಿ.ಗೆ ಅಡ್ಡಿಯಲ್ಲ, ಎಪ್ಪತ್ತು ದಾಟಿದ ಗಟ್ಟಿ ದೇಹದವರಿಗೂ ಅದು ನಡೆಯುತ್ತದೆ. ಆದರೆ ತಮ್ಮ ಪ್ರಸಂಗದಲ್ಲಿ ಅಡ್ಡಿಯಾಗಿರುವುದು ವಯಸ್ಸಲ್ಲ, ಹೊಸ ಸ್ಟೆಂಟು. ಆ ಎರಡು ಮಾತ್ರೆಗಳನ್ನು ಈಗ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯವಿದೆ. ನಿಲ್ಲಿಸದೆ ತಲೆಬುರುಡೆ ತೆರೆಯುವಂತಿಲ್ಲ. ಹೀಗಾಗಿ ಸದ್ಯಕ್ಕೆ ಮಕ್ಕಳ ಮಾತು ಸರಿ, ಕಾರಣ ಮಾತ್ರ ಬೇರೆ.

ಬೇರೆ ದಾರಿಗಳು ಎರಡು ಬಗೆಯವು. ಒಂದು, ಕೆನ್ನೆಯ ಮೂಲಕ ಸೂಜಿಯನ್ನು ಹಾಯಿಸಿ, ತಲೆಬುರುಡೆಯ ತಳದಲ್ಲಿ ಫೊರಾಮೆನ್ ಓವೇಲ್ ಎಂಬ ಮೊಟ್ಟೆಯಾಕಾರದ ರಂಧ್ರದಿಂದ ಒಳಹೊಕ್ಕು ನರದ ಗಂಟನ್ನು ತಲುಪುವುದು. ಅಲ್ಲಿ ರೇಡಿಯೋತರಂಗದ ಶಾಖ ಕೊಡಬಹುದು, ಗ್ಲಿಸರಾಲ್ ಬಿಡಬಹುದು, ಇಲ್ಲವೇ ಪುಟ್ಟ ಬಲೂನನ್ನು ಉಬ್ಬಿಸಿ ನರವನ್ನು ಒಂದೆರಡು ನಿಮಿಷ ಅದುಮಬಹುದು. ಬೆಂಗಳೂರಿಗೂ ಈ ರಂಧ್ರಕ್ಕೂ ಒಂದು ನಂಟಿದೆ: ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯನ್ನು ಕಟ್ಟಿ ಬೆಳೆಸಿದ ಡಾ. ಆರ್. ಎಂ. ವರ್ಮ ಅವರು ಇದೇ ರಂಧ್ರದ ಮೂಲಕ ಸೂಜಿ ಹಾಯಿಸಿ ಪಾರ್ಕಿನ್ಸನ್ ಕಾಯಿಲೆಗೆ ಚಿಕಿತ್ಸೆ ಮಾಡಿದವರು. ಸೂಜಿಯ ವಿಧಾನದಲ್ಲಿ ನೋವು ಬಹುತೇಕ ಕೂಡಲೇ ನಿಲ್ಲುತ್ತದೆ. ಆದರೆ ಇಲ್ಲಿ ನಡೆಯುವುದು ನರವನ್ನು ಬಿಡಿಸುವ ಕೆಲಸವಲ್ಲ, ಅದನ್ನು ಸ್ವಲ್ಪ ಘಾಸಿಗೊಳಿಸುವ ಕೆಲಸ; ಆದ್ದರಿಂದ ಮುಖದ ಆ ಭಾಗದಲ್ಲಿ ಜೋಮು ಉಳಿಯುತ್ತದೆ, ಕೆಲವು ವರ್ಷಗಳಲ್ಲಿ ನೋವು ಮರಳುವ ಸಂಭವವೂ ಎಂ.ವಿ.ಡಿ.ಗಿಂತ ಹೆಚ್ಚು. ಸೂಜಿ ಹಾಯಿಸುವುದಕ್ಕೂ ರಕ್ತ ತೆಳುವಾಗಿಸುವ ಮಾತ್ರೆಗಳು ತೊಡಕೇ.

ಎರಡನೆಯದು ಗ್ಯಾಮಾ ನೈಫ್. ಹೆಸರಿನಲ್ಲಿ ಚಾಕುವಿದ್ದರೂ ಕೊಯ್ಯುವುದೇನೂ ಇಲ್ಲ. ತಲೆಗೆ ಚೌಕಟ್ಟನ್ನು ಬಿಗಿದು, ಅನೇಕ ದಿಕ್ಕುಗಳಿಂದ ಬರುವ ವಿಕಿರಣದ ಕಿರಣಗಳು ನರದ ಬುಡದಲ್ಲಿ ಒಂದೇ ಬಿಂದುವಿಗೆ ಸೇರುವಂತೆ ಗುರಿಯಿಡುತ್ತಾರೆ. ಚೌಕಟ್ಟಿನ ಪಿನ್ನುಗಳ ಜಾಗಕ್ಕಷ್ಟೇ ಅರಿವಳಿಕೆಯ ಚುಚ್ಚುಮದ್ದು ಸಾಕು. ಸಾಮಾನ್ಯವಾಗಿ ಹೃದಯದ ಮಾತ್ರೆಗಳನ್ನು ನಿಲ್ಲಿಸಬೇಕಾಗುವುದಿಲ್ಲ. ನೋವು ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಮಾತ್ರೆ ಮುಂದುವರಿಯಬೇಕು. ತಮ್ಮ ಸ್ಥಿತಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ.

ಇನ್ನೊಂದು ಎಚ್ಚರಿಕೆ. ಕಾರ್ಬಮಜೆಪಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಬೇರೆ ಅನೇಕ ಔಷಧಿಗಳನ್ನು ಬೇಗ ಕರಗಿಸಿಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನಂಥ ಔಷಧಿಯ ಪರಿಣಾಮ ಹೀಗೆಯೇ ಕುಗ್ಗುತ್ತದೆ. ತಾವು ತೆಗೆದುಕೊಳ್ಳುವ ಮಾತ್ರೆಗಳ ಪೂರ್ತಿ ಚೀಟಿಯನ್ನು ಹೃದಯ ವೈದ್ಯರಿಗೂ ನರರೋಗ ವೈದ್ಯರಿಗೂ ಒಟ್ಟಿಗೆ ತೋರಿಸಿ. ಇಬ್ಬರೂ ಪ್ರತ್ಯೇಕವಾಗಿ ಬರೆಯುತ್ತಾ ಹೋದರೆ ನಡುವೆ ಬಳಲುವವರು ರೋಗಿಗಳು.

ಪ್ರಶ್ನೆ: ನಾನು 34 ವರ್ಷದ ಮಹಿಳೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಒಂದು ವರ್ಷದಿಂದ ಎರಡೂ ಕೆನ್ನೆಗಳಲ್ಲಿ ಉರಿ ಮತ್ತು ಭಾರದಂಥ ನೋವು ಇಡೀ ದಿನ ಇರುತ್ತದೆ. ಬೆಳಗ್ಗೆ ಎದ್ದಾಗ ದವಡೆ ಹಿಡಿದುಕೊಂಡಿರುತ್ತದೆ. ಎಂ.ಆರ್.ಐ.ಯಲ್ಲಿ ಎಡಗಡೆ ನರಕ್ಕೆ ರಕ್ತನಾಳದ ಕುಣಿಕೆ ತಾಗಿದೆ ಎಂದು ಬರೆದಿದ್ದಾರೆ. ಅಂತರ್ಜಾಲದಲ್ಲಿ ಓದಿದ ಮೇಲೆ ಎಂ.ವಿ.ಡಿ. ಮಾಡಿಸಿಕೊಂಡುಬಿಡೋಣ ಎನ್ನಿಸಿದೆ. ಕಾರ್ಬಮಜೆಪಿನ್‌ನಿಂದ ನನಗೆ ಏನೂ ಪ್ರಯೋಜನವಾಗಲಿಲ್ಲ.
– ವೈಟ್‌ಫೀಲ್ಡ್

ಉತ್ತರ: ದಯವಿಟ್ಟು ಮಾಡಿಸಿಕೊಳ್ಳಬೇಡಿ. ಈ ಅಂಕಣದ ಎಲ್ಲ ಪತ್ರಗಳಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮದು.

ಯಾವ ನೋವೂ ಇಲ್ಲದ ಆರೋಗ್ಯವಂತರಿಗೆ ಇದೇ ಸ್ಕ್ಯಾನ್ ಮಾಡಿದರೂ ಅನೇಕರಲ್ಲಿ ನರಕ್ಕೆ ರಕ್ತನಾಳ ತಾಗಿರುವುದು ಕಾಣಿಸುತ್ತದೆ. ಬರಿಯ ತಾಗುವಿಕೆಗೆ ಅರ್ಥವಿಲ್ಲ. ಒತ್ತಡದಿಂದ ನರ ಬಾಗಿದೆಯೇ, ಜಾಗ ಬಿಟ್ಟು ಸರಿದಿದೆಯೇ, ಸೊರಗಿದೆಯೇ ಎಂಬುದಕ್ಕೆ ಅರ್ಥವಿದೆ, ಅದೂ ನೋವಿನ ವರ್ಣನೆ ಸರಿಹೊಂದಿದಾಗ ಮಾತ್ರ. ನಿಮ್ಮ ನೋವು ಎರಡೂ ಕಡೆ ಇದೆ, ಸಿಡಿಯುವುದಿಲ್ಲ, ಇಡೀ ದಿನ ಇರುತ್ತದೆ, ಕಾರ್ಬಮಜೆಪಿನ್‌ಗೆ ಮಣಿದಿಲ್ಲ. ನಾಲ್ಕು ಮಾತುಗಳೂ ಟ್ರೈಜೆಮಿನಲ್ ನ್ಯೂರಾಲ್ಜಿಯಾಗೆ ವಿರುದ್ಧವಾಗಿವೆ. ಎಡಗಡೆಯ ಕುಣಿಕೆ ಬಲಗೆನ್ನೆಯ ಉರಿಗೆ ಕಾರಣವಾಗುವುದಾದರೂ ಹೇಗೆ? ಇಂಥ ನೋವಿಗೆ ತಲೆಬುರುಡೆ ತೆರೆದರೆ ನೋವು ಉಳಿದೇ ಇದ್ದು, ಮೇಲೆ ಕಿವಿಯೊಂದು ಮಂದವಾಗಬಹುದು.

ಬೆಳಗ್ಗೆ ದವಡೆ ಹಿಡಿದಿರುತ್ತದೆ ಎಂಬ ನಿಮ್ಮ ಮಾತು ನಿದ್ದೆಯಲ್ಲಿ ಹಲ್ಲು ಕಡಿಯುವುದನ್ನೋ, ಕಿವಿಯ ಮುಂದಿನ ದವಡೆ ಕೀಲಿನ ತೊಂದರೆಯನ್ನೋ ಸೂಚಿಸುತ್ತದೆ. ಬಾಯಿ ಮತ್ತು ಮುಖದ ನೋವಿನಲ್ಲಿ ಪರಿಣತಿಯಿರುವ ದಂತವೈದ್ಯರನ್ನು ಮೊದಲು ನೋಡಿ. ರಾತ್ರಿ ಹಲ್ಲಿಗೆ ಹಾಕುವ ಕವಚ, ದವಡೆಯ ವ್ಯಾಯಾಮ, ಬೇರೆ ಬಗೆಯ ನೋವಿನ ಔಷಧಿಗಳು ಇವೆ. ಮೈಗ್ರೇನ್ ಇದೆಯೇ ಎಂದು ನರರೋಗ ತಜ್ಞರಲ್ಲಿ ಕೇಳಿ. ನಿಮ್ಮ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾದ ನೋವು, ಆದರೆ ಬೇರೆ ಕಾಯಿಲೆಯದು. ನಿಮ್ಮ ವಯಸ್ಸಿನವರಲ್ಲಿ ನಿಜವಾದ ಕರೆಂಟಿನಂಥ ನೋವೇ ಕಾಣಿಸಿಕೊಂಡಿದ್ದರೂ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯೇ ಎಂದು ನೋಡದೆ ಯಾರೂ ಚಾಕು ಹಿಡಿಯಬಾರದು.

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ನನಗೆ ಎಂ.ವಿ.ಡಿ. ಆಯಿತು. ಎಚ್ಚರವಾದ ದಿನದಿಂದಲೇ ನೋವು ಇರಲಿಲ್ಲ, ಮತ್ತೆ ಹುಟ್ಟಿದಂತಾಗಿತ್ತು. ಕಳೆದ ತಿಂಗಳಿನಿಂದ ಮೇಲ್ತುಟಿಯ ಬಳಿ ಸಣ್ಣಗೆ ಮಿಂಚಿದಂತಾಗುತ್ತಿದೆ. ಮಾಡಿದ್ದೆಲ್ಲ ವ್ಯರ್ಥವಾಯಿತೇ?
– ಗೃಹಿಣಿ, ವಿಜಯನಗರ

ಉತ್ತರ: ವ್ಯರ್ಥವಾಗಿಲ್ಲ. ನೀವು ಆ ಮಿಂಚಿಗೆ ಎಷ್ಟು ಹೆದರಿದ್ದೀರೆಂಬುದು ಪತ್ರದಲ್ಲಿ ಕಾಣುತ್ತದೆ. ಒಮ್ಮೆ ಈ ನೋವನ್ನು ಕಂಡವರಿಗೆ ಅದರ ನೆರಳೂ ಸಾಕು. ನೋವು ಮರಳುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ, ಆಮೇಲೆ ಆ ಸಂಭವ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೂ ನಾಲ್ಕನೆಯ ವರ್ಷದಲ್ಲಿ ಮರಳುವುದುಂಟು. ಟೆಫ್ಲಾನ್ ಜರುಗಿರಬಹುದು, ಅದರ ಸುತ್ತ ಗಂಟು ಕಟ್ಟಿಕೊಂಡಿರಬಹುದು, ಇನ್ನೊಂದು ನಾಳ ಹತ್ತಿರ ಬಂದಿರಬಹುದು. ಏನೂ ಕಾರಣ ಸಿಗದಿರುವುದೂ ಇದೆ.

ಮೊದಲು ಕಾರ್ಬಮಜೆಪಿನ್ ಅನ್ನು ಸಣ್ಣ ಪ್ರಮಾಣದಲ್ಲಿ ವೈದ್ಯರ ಸಲಹೆಯಂತೆ ಮತ್ತೆ ಶುರುಮಾಡಿ. ಶಸ್ತ್ರಚಿಕಿತ್ಸೆಗೆ ಮುಂಚೆ ಕೇಳದಿದ್ದ ನೋವು ಈಗ ಅಲ್ಪ ಪ್ರಮಾಣಕ್ಕೇ ಅಡಗುವುದನ್ನು ಅನೇಕರಲ್ಲಿ ಕಂಡಿದ್ದೇನೆ; ಹಾಗಾದರೆ ಬೇರೆ ಚಿಕಿತ್ಸೆಗೆ ಹೋಗದೆ ಆ ಮಾತ್ರೆಯಲ್ಲೇ ಮುಂದುವರಿಯಬಹುದು. ಮಾತ್ರೆ ಸಾಲದಾದಾಗ ಹೊಸ ಎಂ.ಆರ್.ಐ. ಮಾಡಿಸಿ, ಗ್ಯಾಮಾ ನೈಫ್ ಅಥವಾ ಸೂಜಿಯ ವಿಧಾನವನ್ನು ಯೋಚಿಸಬಹುದು. ಎರಡನೆಯ ಸಲ ಅದೇ ಕಿಂಡಿಯಿಂದ ಹೋಗುವುದು ಸಾಧ್ಯ, ಆದರೆ ಒಳಗೆ ಎಲ್ಲ ಅಂಟಿಕೊಂಡಿರುವುದರಿಂದ ಕಷ್ಟವೂ ಅಪಾಯವೂ ಹೆಚ್ಚು. ಒಂದರ ಮೇಲೊಂದರಂತೆ ನರವನ್ನು ಘಾಸಿಗೊಳಿಸುವ ಚಿಕಿತ್ಸೆಗಳನ್ನು ಮಾತ್ರ ಮಾಡಿಸಿಕೊಳ್ಳಬೇಡಿ. ಸ್ಪರ್ಶವೇ ಇಲ್ಲದ ಮುಖದಲ್ಲಿ ಬಿಡದೆ ಉರಿಯುವ ಬೇರೊಂದು ನೋವು ಹುಟ್ಟಿಕೊಂಡರೆ ಅದಕ್ಕೆ ಮದ್ದು ಹುಡುಕುವುದು ಬಹಳ ಕಷ್ಟ.

ಪ್ರಶ್ನೆ: ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಬಾಯಿಯ ತುದಿಯೂ ಅದರೊಂದಿಗೆ ಎಳೆಯುತ್ತದೆ. ನೋವಿಲ್ಲ. ಇದಕ್ಕೂ ಇದೇ ಶಸ್ತ್ರಚಿಕಿತ್ಸೆಯೇ?
– ಆಟೋ ಚಾಲಕ, ಪೀಣ್ಯ

ಉತ್ತರ: ಇದು ಹೆಮಿಫೇಶಿಯಲ್ ಸ್ಪ್ಯಾಸಮ್ ಇರಬಹುದು. ಇಲ್ಲಿ ಒತ್ತಡಕ್ಕೆ ಸಿಕ್ಕಿರುವುದು ಐದನೆಯ ನರವಲ್ಲ, ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರ. ಬೊಟಾಕ್ಸ್ ಚುಚ್ಚುಮದ್ದು ಮೂರು ನಾಲ್ಕು ತಿಂಗಳ ಮಟ್ಟಿಗೆ ಎಳೆತವನ್ನು ತಗ್ಗಿಸುತ್ತದೆ. ಆಮೇಲೆ ಮತ್ತೆ ಹಾಕಿಸಬೇಕು. ಎಂ.ವಿ.ಡಿ. ಇದಕ್ಕೂ ಒಳ್ಳೆಯ ಚಿಕಿತ್ಸೆ, ಆದರೆ ಈ ನರ ಶ್ರವಣನರಕ್ಕೆ ಅಂಟಿಕೊಂಡೇ ಇರುವುದರಿಂದ ಕಿವಿಗೆ ಅಪಾಯ ತುಸು ಹೆಚ್ಚು. ಕಣ್ಣು ಹೀಗೆ ಮುಚ್ಚಿಕೊಳ್ಳುವಾಗ ಆಟೋ ಓಡಿಸುವುದು ನಿಮಗೂ ಪ್ರಯಾಣಿಕರಿಗೂ ಅಪಾಯಕರ, ತಡಮಾಡದೆ ತೋರಿಸಿ.

ಪ್ರಶ್ನೆ: ತಂದೆಗೆ ಈ ನೋವಿಗಾಗಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಹೇಳಿದ್ದಾರೆ. ಇನ್ನೊಬ್ಬರ ಅಭಿಪ್ರಾಯ ಕೇಳಿದರೆ ಮೊದಲಿನ ವೈದ್ಯರಿಗೆ ಬೇಸರವಾದೀತೇ? ನಮ್ಮದು ಬಿ.ಪಿ.ಎಲ್. ಕುಟುಂಬ, ಖರ್ಚಿನ ಚಿಂತೆಯೂ ಇದೆ.
– ಮಗ, ಕಾಮಾಕ್ಷಿಪಾಳ್ಯ

ಉತ್ತರ: ಕೇಳಿ. ಒಳ್ಳೆಯ ವೈದ್ಯರು ಬೇಸರಪಟ್ಟುಕೊಳ್ಳುವುದಿಲ್ಲ. ಖರ್ಚಿನ ವಿಷಯದಲ್ಲಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡು ಮತ್ತು ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿನ ಆರೋಗ್ಯಮಿತ್ರರ ಬಳಿ ವಿಚಾರಿಸಿ. ಮುಂಗಡ ಹಣ ಕಟ್ಟುವ ಮುನ್ನವೇ ಇದನ್ನು ಮಾಡಬೇಕು.

ಎರಡನೆಯ ವೈದ್ಯರಲ್ಲಿಗೆ ಹೋಗುವ ಮುಂಚೆ ಒಂದು ವಾರ ತಂದೆಯವರ ನೋವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಬಂತು, ಎಷ್ಟು ಸೆಕೆಂಡು ಇತ್ತು, ಆಗ ಅವರು ಏನು ಮಾಡುತ್ತಿದ್ದರು, ಮುಖದ ಯಾವ ಜಾಗ, ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು. ಅವರದೇ ಮಾತಿನಲ್ಲಿ ಬರೆಯಿರಿ, ವೈದ್ಯಕೀಯ ಪದಗಳು ಬೇಡ. ಈ ಶಸ್ತ್ರಚಿಕಿತ್ಸೆಯನ್ನು ತಾವು ವರ್ಷಕ್ಕೆ ಎಷ್ಟು ಮಾಡುತ್ತೀರಿ, ನಿಮ್ಮ ರೋಗಿಗಳಲ್ಲಿ ಎಷ್ಟು ಜನರಿಗೆ ಕಿವಿ ಮಂದವಾಗಿದೆ ಎಂದು ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಎಂ.ಆರ್.ಐ.ನ ವರದಿಯ ಕಾಗದ ಮಾತ್ರ ಸಾಲದು, ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆದುಕೊಂಡು ಜೊತೆಗೆ ಒಯ್ಯಿರಿ.